ಸಾಕ್ಷಿ ಹಾಜರು

ಮಾರ್ಚ್ ೩

ನಾದಿನಿಗೆ,

ನಾನು ಕ್ಷೇಮ. ಅಕ್ಕನ ಮನೆಗೆ ಬಂದು ಒಂಬತ್ತು ತಿಂಗಳಾಯಿತು. ಇಲ್ಲಿನ ಉಡುಪು ಕಾರ್ಖಾನೆಯಲ್ಲೂ ನನಗೆ ತಪಾಸಣೆ ಮೇಜನ್ನೇ ಕೊಟ್ಟಿದ್ದಾರೆ. ದಿನಕ್ಕೆ ನಾನೂರು ಅಂಗಿಗಳನ್ನು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುತ್ತೇನೆ. ತಪ್ಪಿದ್ದ ಕಡೆ ಕೆಂಪು ಬಾಣದ ಚೀಟಿ ಅಂಟಿಸುತ್ತೇನೆ. ನನ್ನ ಸಮಾಚಾರ ಇಷ್ಟೇ.

ಬರೆಯಲು ಕಾರಣ ಬೇರೆ. ನಿನ್ನ ಪ್ರಕಾಶಕರು ನನಗೆ ಕಾಗದ ಹಾಕಿದ್ದಾರೆ. ನಿಮ್ಮಣ್ಣ ಬದುಕಿದ್ದಾಗ ಅವರ ಜೊತೆಗಿನ ಪತ್ರವ್ಯವಹಾರವೆಲ್ಲ ನಿಮ್ಮಣ್ಣನದೇ ಆಗಿತ್ತಲ್ಲ, ಹಾಗಾಗಿ ನನಗೇ ಬರೆದಿದ್ದಾರೆ. ‘ಕೊಡೆ ರಿಪೇರಿ ಅಜ್ಜಿ’ಯ ಹನ್ನೊಂದು ಅಧ್ಯಾಯ ಅವರ ಕೈಯಲ್ಲಿದೆ, ಹನ್ನೆರಡನೆಯದು ಇಲ್ಲ. ಜೂನ್ ಕೊನೆಗೆ ಅಚ್ಚಿಗೆ ಹೋಗಲೇಬೇಕಂತೆ. ನೀನು ಹದಿನಾಲ್ಕು ತಿಂಗಳಿಂದ ಒಂದು ಸಾಲನ್ನೂ ಕೊಟ್ಟಿಲ್ಲವಂತೆ. ಫೋನ್ ಮಾಡಿದರೆ ‘ಮನಸ್ಸು ಬರ್ತಿಲ್ಲ’ ಅನ್ನುತ್ತೀಯಂತೆ.

ನಮ್ಮಲ್ಲಿ ಹೊಸದಾಗಿ ಸೇರಿದವರಿಗೆ ಕೈ ಓಡದಿದ್ದರೆ ಚಿಂದಿ ಬಟ್ಟೆ ಕೊಟ್ಟು ದಿನಾ ಅರ್ಧ ಗಂಟೆ ನೇರ ಹೊಲಿಗೆ ಹಾಕಿಸುತ್ತಾರೆ. ಅಂಗಿಯೂ ಇಲ್ಲ, ತೋಳೂ ಇಲ್ಲ, ಬರೀ ನೇರ ಹೊಲಿಗೆ. ಒಂದೆರಡು ತಿಂಗಳಲ್ಲಿ ಕೈ ತಾನೇ ದಾರಿಗೆ ಬರುತ್ತದೆ. ನೀನೂ ಹಾಗೆ ಮಾಡು. ದಿನಕ್ಕೆ ಅರ್ಧ ಗಂಟೆ, ಒಂದು ಹಾಳೆ. ಮೇಲೆ ತಾರೀಖು ಹಾಕಿ ವಾರಕ್ಕೊಮ್ಮೆ ನನಗೆ ಕಳಿಸು. ಕೈಬರಹದಲ್ಲೇ ಇರಲಿ.

ಅಂದ ಹಾಗೆ, ಅವರು ಜೊತೆಗೆ ಕಳಿಸಿದ ಹನ್ನೊಂದನೆಯ ಅಧ್ಯಾಯ ಓದಿದೆ. ಯಾರೋ ಅಂಗಡಿಯಲ್ಲಿ ಬಿಟ್ಟುಹೋದ ಕೊಡೆ, ಬಿಸಿಲಲ್ಲೂ ಒದ್ದೆಯಾಗಿರುವ ಕೊಡೆ. ಅದರ ಒಡೆಯರನ್ನು ಹುಡುಕುತ್ತಾ ಅಜ್ಜಿ ನಾಲ್ಕನೆಯ ಮಹಡಿಗೆ ಹತ್ತಿ ಬಾಗಿಲು ತಟ್ಟುತ್ತಾಳೆ. ಬಾಗಿಲು ಒಂದು ಗೇಣು ತೆರೆಯುತ್ತದೆ. ಅಲ್ಲಿಗೆ ನಿಂತಿದೆ. ಬಾಗಿಲ ಹಿಂದೆ ಯಾರಿದ್ದಾರೆ? ಸುಮ್ಮನೆ ಕೇಳಿದೆ.

ನಿನ್ನ ಅತ್ತಿಗೆ


ಮಾರ್ಚ್ ೬

ಅತ್ತಿಗೆ,

ಲಕೋಟೆಯ ಮೇಲೆ ನಿಮ್ಮ ಅಕ್ಷರ ನೋಡಿ ಯಾರಿಗೋ ಏನೋ ಆಯಿತು ಅಂತ ಎದೆ ಧಸಕ್ಕೆಂದಿತು. ಓದಿ ಮುಗಿಸಿದ ಮೇಲೂ ಆ ಧಸಕ್ಕು ಪೂರ್ತಿ ಇಳಿದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಹತ್ತೊಂಬತ್ತು ವರ್ಷದಲ್ಲಿ ನನ್ನ ಒಂದು ಪುಸ್ತಕವನ್ನಾದರೂ ನೀವು ಓದಿದ್ದು ನಾನು ಕಂಡಿಲ್ಲ. ಮೊದಲನೆಯ ಪುಸ್ತಕ ಕೈಗೆ ಕೊಟ್ಟಾಗ ಬೆನ್ನಿನ ದಾರ ಎಳೆದು ನೋಡಿ ‘ಹೊಲಿಗೆ ಸಡಿಲ’ ಅಂದಿರಿ, ವಾಪಸ್ ಕೊಟ್ಟಿರಿ. ಈಗ ಇದ್ದಕ್ಕಿದ್ದ ಹಾಗೆ ಹನ್ನೊಂದನೇ ಅಧ್ಯಾಯ ಓದಿದ್ದೀರಿ, ಬಾಗಿಲ ಹಿಂದೆ ಯಾರು ಅಂತ ಸುಮ್ಮನೆ ಕೇಳಿದ್ದೀರಿ. ನೀವು ಸುಮ್ಮನೆ ಏನನ್ನೂ ಕೇಳುವವರಲ್ಲ. ‘ಊಟ ಆಯ್ತಾ’ ಅಂತ ಕೇಳಿದರೂ ಪಾತ್ರೆ ತೊಳೆದಿದೆಯಾ ಅಂತ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ. ಮತ್ತೆ ಕೈಬರಹದಲ್ಲೇ ಯಾಕೆ? ನಾನೇನು ಪರೀಕ್ಷೆಗೆ ಕೂತಿದ್ದೀನಾ?

ಆದರೂ ಆಗಲಿ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಎಂಟು ಗಂಟೆ ಕೂತು ಯಾವ ಬಸ್ಸು ಎಷ್ಟು ಹೊತ್ತಿಗೆ ಅಂತ ಹೇಳಿ ಹೇಳಿ ಮನೆಗೆ ಬಂದರೆ ಸಂಜೆ ಖಾಲಿ. ಹಾಳೆ ಕಳಿಸುತ್ತೇನೆ. ಅಣ್ಣ ಇದ್ದಿದ್ದರೆ ನಿಮ್ಮ ಉಪಾಯಕ್ಕೆ ನಗುತ್ತಿದ್ದ, ಒಪ್ಪುತ್ತಲೂ ಇದ್ದ.

ನಾದಿನಿ


ಮಾರ್ಚ್ ೧೨

ನಾದಿನಿಗೆ,

ಏಳು ಹಾಳೆ ಇವತ್ತು ಬೆಳಿಗ್ಗೆ ತಲುಪಿದವು. ಏಳನೆಯದರ ಮೇಲೆ ಮಾರ್ಚ್ ೧೩ ಎಂದಿದೆ. ಇವತ್ತು ಹನ್ನೆರಡು. ಲಕೋಟೆಯ ಮೇಲಿನ ಅಂಚೆ ಮುದ್ರೆ ಹತ್ತನೆಯ ತಾರೀಖಿನದು. ನಾಳೆ ನೀನು ಬರೆಯುವುದನ್ನು ಇವತ್ತೇ ಓದುವ ಯೋಗ ನನ್ನದಾಯಿತು. ಆ ಹಾಳೆಯಲ್ಲಿ ‘ಇವತ್ತು ಕರೆಂಟು ಹೋಗಿತ್ತು, ಮೇಣದಬತ್ತಿ ಬೆಳಕಿನಲ್ಲಿ ಬರೆದೆ’ ಅಂತ ಬೇರೆ ಇದೆ. ನಾಳೆ ಕರೆಂಟು ಹೋದರೆ ತಿಳಿಸು.

ಅಂಚೆಯವರು ಮುದ್ರೆ ಒತ್ತದೆ ನಾಲ್ಕು ದಿನ ತಡ ಮಾಡಿದ್ದರೆ ನೀನು ದಕ್ಕಿಸಿಕೊಂಡುಬಿಡುತ್ತಿದ್ದೆ.

ನನ್ನ ಬಳಿ ಒಂದು ಪತ್ರಿಕೆಯ ತುಣುಕು ಇದೆ. ನಿನ್ನ ಸಂದರ್ಶನ, ಜೊತೆಗೆ ಫೋಟೋ. ‘ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಕಿಟಕಿ ಪಕ್ಕದ ಈ ಮೇಜಿನ ಮೇಲೆ ಬರೆಯುತ್ತೇನೆ’ ಎಂದಿದ್ದೀಯ. ಆ ಮೇಜಿನ ಮೇಲೆ ಇಸ್ತ್ರಿ ಪೆಟ್ಟಿಗೆ ಬಿಟ್ಟು ಬೇರೇನನ್ನೂ ನಾನು ನೋಡಿಲ್ಲ. ಏಳು ಗಂಟೆಗೆ ಮುಂಚೆ ನಿನ್ನನ್ನು ಎಬ್ಬಿಸಿದವರೂ ನನಗೆ ಗೊತ್ತಿಲ್ಲ.

ಹಾಳೆಗಳನ್ನು ಹಿಂದಕ್ಕೆ ಕಳಿಸಿದ್ದೇನೆ. ಬಾಗಿಲ ಹಿಂದೆ ಯಾರು ಅಂತ ಕೇಳಿದ್ದಕ್ಕೆ ಉತ್ತರ ಬಂದಿಲ್ಲ.

ಅತ್ತಿಗೆ


ಮಾರ್ಚ್ ೧೮

ಅತ್ತಿಗೆ,

ಹೌದು, ಏಳು ಹಾಳೆಯನ್ನೂ ಒಂದೇ ಸಂಜೆ ಗೀಚಿದೆ. ಐದು ಗಂಟೆಗೆ ಏಳುವುದೂ ಸುಳ್ಳು, ಮೇಜೂ ಸುಳ್ಳು. ಆ ವರದಿಗಾರ್ತಿ ಬಂದಾಗ ಇಸ್ತ್ರಿ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ ಹೂದಾನಿ ಇಟ್ಟೆ. ಬರೆಯುವವರು ಹಾಗಿರಬೇಕು ಅಂತ ಅವಳ ಮುಖದಲ್ಲೇ ಬರೆದಿತ್ತು, ನಾನು ಅದನ್ನು ಓದಿ ಹೇಳಿದೆ. ಸಮಾಧಾನ ಆಯಿತಾ?

ಈಗ ನನ್ನ ಸರದಿ. ನಿನ್ನೆ ಪ್ರಕಾಶಕರು ಫೋನ್ ಮಾಡಿದ್ದರು. ಅವರು ನಿಮಗೆ ಕಾಗದ ಹಾಕಿದ್ದು ನಿಜವಂತೆ. ಆದರೆ ಮೊದಲು ಕಾಗದ ಹಾಕಿದವರು ನೀವಂತೆ. ಇದೂ ಸೇರಿ ಹನ್ನೆರಡೂ ಪುಸ್ತಕಗಳ ಹೊದಿಕೆಯ ಮೇಲೆ ಅಣ್ಣನ ಹೆಸರು ಬರಬೇಕು, ಬರೆದವರು ಅವರೇ ಅಂತ ಕೇಳಿದ್ದೀರಂತೆ. ಇದನ್ನು ನನಗೆ ಬರೆಯುವಾಗ ನಿಮ್ಮ ಪೆನ್ನಿಗೆ ಏನಾಗಿತ್ತು? ನೇರ ಹೊಲಿಗೆ, ಚಿಂದಿ ಬಟ್ಟೆ ಅಂತ ನನ್ನ ತಲೆ ಸವರುತ್ತಾ ಕೈಬರಹ ಸಂಗ್ರಹ ಮಾಡುತ್ತಿದ್ದಿರಲ್ಲ, ನಾನೆಷ್ಟು ಪೆದ್ದಿ.

ನಡೆಯುತ್ತಿದ್ದದ್ದು ಇಷ್ಟು, ಬೇಕಾದರೆ ನಂಬಿ. ಅಣ್ಣ ಕೋರ್ಟಿನ ಸ್ಟೆನೋ ಕೆಲಸ ಮುಗಿಸಿಕೊಂಡು ದಿನಾ ಆರು ಗಂಟೆಗೆ ನನ್ನ ಮನೆಗೆ ಬರುತ್ತಿದ್ದ. ಅರ್ಧ ಗಂಟೆ ಕೂರುತ್ತಿದ್ದ. ನಾನು ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಾ ಬಾಯಿಗೆ ಬಂದಿದ್ದು ಹೇಳುತ್ತಿದ್ದೆ, ಅವನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುತ್ತಿದ್ದ. ಚಿಕ್ಕಂದಿನಿಂದ ಅವನು ನನ್ನನ್ನು ಪಿಟೀಲು ಅಂತಲೇ ಕರೆದವನು, ಕುಯ್ಯಲು ಶುರು ಮಾಡಿದರೆ ನಿಲ್ಲಿಸುವುದಿಲ್ಲ ಅಂತ. ಆಮೇಲೆ ಅದು ಟೈಪಾಗಿ ಬರುತ್ತಿತ್ತು, ಆಮೇಲೆ ಪುಸ್ತಕವಾಗಿ ಬರುತ್ತಿತ್ತು. ನಾನು ಒಂದು ಕಥೆಯನ್ನೂ ಕೈಯಲ್ಲಿ ಬರೆದವಳಲ್ಲ. ಇದನ್ನು ಯಾರಿಗೂ ಹೇಳಲಿಲ್ಲ, ನಾಚಿಕೆಯಾಗುತ್ತಿತ್ತು.

ಬಾಗಿಲ ಹಿಂದೆ ಯಾರಿದ್ದಾರೋ ನನಗೆ ಗೊತ್ತಿಲ್ಲ. ಹೇಳುವ ತನಕ ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ನಾದಿನಿ


ಮಾರ್ಚ್ ೨೪

ನಾದಿನಿಗೆ,

ಪ್ರಕಾಶಕರಿಗೆ ಬರೆದದ್ದು ನಿಜ. ಮುಚ್ಚಿಟ್ಟದ್ದೂ ನಿಜ. ಈಗ ನೇರವಾಗಿಯೇ ಹೇಳುತ್ತೇನೆ.

ಹತ್ತೊಂಬತ್ತು ವರ್ಷ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಅವರು ಟೈಪ್ ಮಾಡುವುದನ್ನು ನೋಡಿದ್ದೇನೆ. ಎದುರಿಗೆ ನಿನ್ನ ಕೈಬರಹದ ಒಂದು ಕಾಗದವೂ ಇರುತ್ತಿರಲಿಲ್ಲ. ಇರುತ್ತಿದ್ದದ್ದು ಅವರದೇ ನೋಟ್‌ಬುಕ್, ಅದರ ತುಂಬ ಅವರದೇ ಕೊಕ್ಕೆ ಗೆರೆಗಳು. ನಡುನಡುವೆ ನಿಲ್ಲಿಸಿ ತಾವೇ ನಗುತ್ತಿದ್ದರು. ಏನು ಬರೀತಿದ್ದೀರಿ ಎಂದರೆ ‘ಸಾಕ್ಷಿ ಹೇಳಿದ್ದನ್ನ’ ಅನ್ನುತ್ತಿದ್ದರು. ಕೋರ್ಟಿನವರ ತಮಾಷೆ ಅಂದುಕೊಂಡೆ. ನೀನು ಹೇಳಿ ಬರೆಸಿದೆ ಎಂದು ಅವರು ಒಂದು ದಿನವೂ ಹೇಳಲಿಲ್ಲ. ಅವರು ಹೋದ ಮೇಲೆ ನೀನು ಹೇಳುತ್ತಿದ್ದೀಯ.

ಅಂಥ ಇನ್ನೂರ ಇಪ್ಪತ್ತಾರು ನೋಟ್‌ಬುಕ್ ನನ್ನ ಟ್ರಂಕಿನಲ್ಲಿವೆ. ಅವರು ಹೋದ ದಿನದಿಂದ ನಿನ್ನ ಕಥೆಯೂ ನಿಂತಿತು. ಅಂಗಿ ಹೊಲಿಯುವವನು ಹೋದರೆ ಅಂಗಿ ನಿಲ್ಲುತ್ತದೆ, ಗುಂಡಿ ಕೊಟ್ಟವಳು ಇದ್ದರೇನು. ಕಥೆ ಕಟ್ಟಿದವಳಿಗೆ ಬಾಗಿಲ ಹಿಂದೆ ಯಾರೆಂದು ಗೊತ್ತಿಲ್ಲ ಎಂದರೆ ನಾನು ಏನು ತಿಳಿಯಬೇಕು?

ಒಂದು ಮಾತು. ಜೂನ್ ಮೂವತ್ತರೊಳಗೆ ಆ ಅಧ್ಯಾಯ ನಿನ್ನ ಕೈಯಿಂದ ಬಂದರೆ ನಾನು ಬಾಯಿ ಮುಚ್ಚುತ್ತೇನೆ. ಬರದಿದ್ದರೆ ಪುಸ್ತಕ ಅರ್ಧಕ್ಕೇ ಅಚ್ಚಾಗಲಿ, ಅವರ ಹೆಸರಿನಲ್ಲಿ. ಪ್ರಕಾಶಕರೂ ಇದಕ್ಕೆ ಒಪ್ಪಿದ್ದಾರೆ. ಹಾಳೆ ಕಳಿಸುವ ಏರ್ಪಾಡು ಹಾಗೇ ಇರಲಿ. ಖಾಲಿ ಇದ್ದರೂ ಕಳಿಸು, ಸುಳ್ಳು ತಾರೀಖು ಬೇಡ.

ಅತ್ತಿಗೆ


ಏಪ್ರಿಲ್ ೨೩

ಅತ್ತಿಗೆ,

ಇಪ್ಪತ್ತಾರು ಹಾಳೆ ಇಟ್ಟಿದ್ದೇನೆ. ತಾರೀಖುಗಳೆಲ್ಲ ನಿಜ. ವಾರಕ್ಕೊಮ್ಮೆ ಕಳಿಸಲು ಧೈರ್ಯ ಬರಲಿಲ್ಲ, ಯಾಕೆಂದು ನೋಡಿದರೆ ನಿಮಗೇ ತಿಳಿಯುತ್ತದೆ.

ಮೊದಲ ಒಂಬತ್ತು ಹಾಳೆಯಲ್ಲಿ ಒಂದೇ ಸಾಲು: ‘ಬಾಗಿಲು ಒಂದು ಗೇಣು ತೆರೆಯಿತು.’ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕೆ ಸರಿಸಿ ಆರು ಗಂಟೆಗೆ ಕೂತುಕೊಂಡೆ. ಪೆನ್ನು ಹಿಡಿದೆ. ಆ ಸಾಲು ಬರೆದೆ. ಆಮೇಲೆ ಪೆನ್ನಿನ ಕ್ಯಾಪು ತೆಗೆದು ಹಾಕಿ, ತೆಗೆದು ಹಾಕಿ ಆರೂವರೆ ಮಾಡಿದೆ. ಹತ್ತನೆಯ ದಿನ ತಲೆಕೆಟ್ಟು ಬಸ್ಸಿನ ವೇಳಾಪಟ್ಟಿ ಬರೆದಿದ್ದೇನೆ, ಬಾಯಿಪಾಠ ಬರುವುದು ಅದೊಂದೇ. ಹದಿಮೂರನೆಯದು ಪೂರ್ತಿ ಖಾಲಿ. ಹದಿನೆಂಟನೆಯದರಲ್ಲಿ ನಿಮಗೆ ಬೈದಿದ್ದೆ, ಅದನ್ನು ಹೊಡೆದುಹಾಕಿದ್ದೇನೆ, ಬೆಳಕಿಗೆ ಹಿಡಿದು ಓದಬೇಡಿ. ಇಪ್ಪತ್ತೆರಡರಿಂದ ಅಜ್ಜಿಯ ಬಗ್ಗೆ ಮೂರು ನಾಲ್ಕು ಸಾಲು ಇದೆ, ಕಥೆಯಲ್ಲ, ಅವಳ ಮೊಣಕಾಲು, ಅವಳ ಡಬ್ಬಿಯಲ್ಲಿರುವ ಕಡ್ಡಿ, ತಂತಿ, ಇಂಥದ್ದು.

ಒಂದು ವಿಷಯ ನಿಮಗಲ್ಲದೆ ಇನ್ಯಾರಿಗೂ ಹೇಳುವ ಹಾಗಿಲ್ಲ. ನಿಮ್ಮ ಅನುಮಾನ ನನಗೂ ಹತ್ತಿಕೊಂಡಿದೆ. ನಾನು ಬಡಬಡಿಸಿದ್ದು ನೆನಪಿದೆ, ಅದು ಪುಸ್ತಕದಲ್ಲಿ ಇರುವಷ್ಟು ಚೆನ್ನಾಗಿತ್ತಾ ಅಂತ ನೆನಪಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಅವನೇ ಅದನ್ನು ಕಥೆ ಮಾಡಿದನೋ ಏನೋ. ಪುಸ್ತಕ ತೆಗೆದು ನನ್ನ ವಾಕ್ಯ ಯಾವುದು ಅಂತ ಹುಡುಕುತ್ತೇನೆ, ಒಂದೂ ನನ್ನದು ಅನ್ನಿಸುವುದಿಲ್ಲ. ಕನ್ನಡಿಯಲ್ಲಿ ಬೇರೆಯವರ ಮುಖ ನೋಡಿದ ಹಾಗಾಗುತ್ತದೆ.

ನಾದಿನಿ


ಏಪ್ರಿಲ್ ೨೮

ನಾದಿನಿಗೆ,

ಇಪ್ಪತ್ತಾರನ್ನೂ ನೋಡಿದೆ. ಮೂರು ದಿನದ್ದು ಇಲ್ಲ: ಮಾರ್ಚ್ ೩೦, ಏಪ್ರಿಲ್ ೭, ೮. ಯಾಕೆಂದು ನೀನು ಬರೆದಿಲ್ಲ.

ಇಪ್ಪತ್ತಮೂರನೆಯ ಹಾಳೆಯಲ್ಲಿ ಒಂದು ಸಾಲಿದೆ. ‘ಅಜ್ಜಿ ಮೆಟ್ಟಿಲಿಗೆ ಬೈದಳು. ಮೆಟ್ಟಿಲು ಸುಮ್ಮನಿತ್ತು, ಮೊಣಕಾಲು ತಿರುಗಿ ಬೈಯಿತು.’ ಊಟದ ಬಿಡುವಿನಲ್ಲಿ ಓದುತ್ತಿದ್ದೆ. ಪಕ್ಕದ ಮೇಜಿನವಳು ‘ಯಾಕಕ್ಕ ನಗ್ತಿದ್ದೀರಾ’ ಎಂದು ಕೇಳಿದಳು. ಇದು ಈಗ ಬರೆದದ್ದೋ, ಅವರ ಹಳೆಯ ಟೈಪ್ ಹಾಳೆಯಿಂದ ಎತ್ತಿದ್ದೋ? ಒಮ್ಮೆ ಸುಳ್ಳು ತಾರೀಖು ಹಾಕಿದವಳ ಮೇಲೆ ಈ ಪ್ರಶ್ನೆ ಬರುವುದು ಸಹಜ.

ಊಹೆ ಸಾಕು. ಅಕ್ಕನ ಮನೆಯ ಹಿಂದಿನ ಬೀದಿಯಲ್ಲಿ ಕೋರ್ಟಿನ ನಿವೃತ್ತ ಸ್ಟೆನೋ ಒಬ್ಬರಿದ್ದಾರೆ. ಅವರಿಗೆ ಈ ಕೊಕ್ಕೆ ಗೆರೆ ಓದಲು ಬರುತ್ತದೆ. ಟ್ರಂಕನ್ನು ಅವರ ಮುಂದೆ ಬಿಚ್ಚುತ್ತೇನೆ. ಬಟ್ಟೆಯ ನಿಜ ಒಳಮಗ್ಗುಲಲ್ಲೇ ಇರುತ್ತದೆ.

ಅತ್ತಿಗೆ


ಮೇ ೩

ಅತ್ತಿಗೆ,

ಮೂರು ದಿನ ಜ್ವರ. ಅದಕ್ಕೆ ಹಾಳೆ ಇಲ್ಲ.

ದಯವಿಟ್ಟು ಆ ನೋಟ್‌ಬುಕ್ಕುಗಳನ್ನು ಓದಿಸಬೇಡಿ. ಕಾರಣ ಕೇಳಬೇಡಿ. ಬೇಕಾದರೆ ಹೊದಿಕೆಯ ಮೇಲೆ ಅಣ್ಣನ ಹೆಸರೇ ಹಾಕಿಸಿ, ನಾನು ತುಟಿ ಬಿಚ್ಚುವುದಿಲ್ಲ. ಟ್ರಂಕು ಮುಚ್ಚಿಡಿ. ಕೈ ಮುಗಿದು ಕೇಳುತ್ತಿದ್ದೇನೆ.

ನಾದಿನಿ


ಮೇ ೭

ನಾದಿನಿಗೆ,

ಹೆಸರನ್ನೇ ಬಿಟ್ಟುಕೊಡುವಷ್ಟು ಭಯ ಯಾಕೆ? ಈ ಒಂದು ಕಾಗದವೇ ನನಗೆ ಸಾಕಿತ್ತು. ಆದರೂ ಅರೆಬರೆ ನೋಡಿ ಅಂಗಿ ಪಾಸು ಮಾಡುವ ಅಭ್ಯಾಸ ನನಗಿಲ್ಲ.

ಟ್ರಂಕನ್ನು ನಿನ್ನೆ ಸ್ಟೆನೋ ಅವರ ಮನೆಗೆ ಸಾಗಿಸಿದೆ.

ಅತ್ತಿಗೆ


ಜೂನ್ ೪

ಪಿಟೀಲು,

ಈ ಹೆಸರಿನಿಂದ ಕರೆಯಲು ನನಗೆ ಹಕ್ಕಿದೆಯೋ ಇಲ್ಲವೋ. ಒಂದು ತಿಂಗಳಿಂದ ದಿನಾ ಇದೇ ಹೆಸರು ಕೇಳಿ ಕೇಳಿ ಬಾಯಿಗೆ ಬಂದುಬಿಟ್ಟಿದೆ.

ಕೆಲಸ ಬಿಟ್ಟ ಮೇಲೆ ದಿನಾ ಆ ಸ್ಟೆನೋ ಅವರ ವರಾಂಡದಲ್ಲಿ ಕೂತೆ. ಅವರು ಕನ್ನಡಕ ಏರಿಸಿ ಮೊದಲ ಪುಟ ನೋಡಿದವರೇ ‘ಅಮ್ಮಾ, ಇದು ಕಥೆಯಲ್ಲ, ಸಾಕ್ಷಿ ವಿಚಾರಣೆ’ ಅಂದರು. ನನಗೆ ಏನೂ ತಿಳಿಯಲಿಲ್ಲ. ಅವರು ಓದಿದರು. ನಾನು ಬರೆದುಕೊಂಡದ್ದನ್ನು ಹಾಗೇ ಇಳಿಸುತ್ತಿದ್ದೇನೆ.

‘ಸಾಕ್ಷಿ: ಪಿಟೀಲು. ಹಾಜರು. ಸಮಯ ಆರು.
ಪ್ರ: ಆಮೇಲೆ?
ಉ: ಆಮೇಲೆ ಏನು, ಅಜ್ಜಿ ಅಂಗಡಿ ಬೀಗ ಹಾಕಿದ್ಲು. ಅಲ್ಲ, ಹಾಕಲಿಲ್ಲ. ಹೊಡೆದುಹಾಕು. ತಡಿ, ನೀರು ಕುಡೀತೀನಿ. (ನೀರು ಕುಡಿದರು.)
ಪ್ರ: ಆಮೇಲೆ?
ಉ: ಬೀಗ ಹಾಕೋಕೆ ಹೋದ್ಲು, ಮೂಲೇಲಿ ಆ ಕೊಡೆ ತೊಟ್ಟಿಕ್ಕೋ ಸದ್ದು ಕೇಳಿಸ್ತು. (ಸೀನು, ಎರಡು ಸಲ.)’

ಕೋರ್ಟಿನ ಸ್ಟೆನೋ ತನಗೆ ಬೇಕಾದದ್ದನ್ನು ಆರಿಸಿ ಬರೆಯುವ ಹಾಗಿಲ್ಲವಂತೆ. ಸಾಕ್ಷಿ ಕೆಮ್ಮಿದರೂ ಕೆಮ್ಮಿದರೆಂದು ಬರೆಯಬೇಕಂತೆ. ನಿಮ್ಮಣ್ಣ ನಿನ್ನ ಮನೆಯಲ್ಲೂ ಅದೇ ಕೆಲಸ ಮಾಡಿದ್ದಾರೆ. ನಾವು ಎಪ್ಪತ್ತು ನೋಟ್‌ಬುಕ್ ಓದಿ, ಅಚ್ಚಾದದ್ದರ ಜೊತೆ ಸಾಲು ಸಾಲು ಇಟ್ಟು ನೋಡಿದೆವು. ನಿನ್ನ ಸೀನು, ನೀರು, ಹೊಡೆದುಹಾಕಿದ್ದು ಇಷ್ಟು ಬಿಟ್ಟರೆ ಅವರು ಒಂದು ಪದವನ್ನೂ ಸೇರಿಸಿಲ್ಲ, ತೆಗೆದಿಲ್ಲ. ಎಲ್ಲ ನಿನ್ನದು. ಆ ಎಪ್ಪತ್ತರಲ್ಲೂ ಕಥೆಯ ನಡುವೆ ಅವರದೆಂದು ಇರುವುದು ಒಂದೇ ಮಾತು, ಅದೂ ಅಚ್ಚಾಗಿಲ್ಲ. ‘ಆಮೇಲೆ?’

ನೀನು ಯಾಕೆ ಓದಿಸಬೇಡಿ ಎಂದೆ ಎನ್ನುವುದೂ ಗೊತ್ತಾಯಿತು. ಎಂಟನೆಯ ವರ್ಷದ ಒಂದು ಪುಟ:

‘ಉ: ನಿನ್ನ ಹೆಂಡ್ತಿ ನಗೂನೂ ತಪಾಸಣೆ ಮಾಡಿ ಪಾಸಾದ್ರೆ ಮಾತ್ರ ಹೊರಗೆ ಬಿಡ್ತಾಳೆ ಕಣೋ.
ಪ್ರ: ಕಥೆಗೆ ಸಂಬಂಧ ಇಲ್ಲ. ಆಮೇಲೆ?’

ಇಂಥವು ನಲವತ್ತಮೂರು ಸಿಕ್ಕಿವೆ. ಸ್ಟೆನೋ ಅವರು ಪಾಪ ಗಂಟಲು ಸರಿಮಾಡಿಕೊಂಡು ಓದುತ್ತಿದ್ದರು. ನನ್ನ ಅಡುಗೆ, ನನ್ನ ಮುಖ, ನನ್ನ ಚಪ್ಪಲಿ ಜೋಡಿಸುವ ರೀತಿ, ಯಾವುದನ್ನೂ ನೀನು ಬಿಟ್ಟಿಲ್ಲ. ನಲವತ್ತಮೂರಕ್ಕೂ ಅವರ ಉತ್ತರ ಅದೇ: ‘ಕಥೆಗೆ ಸಂಬಂಧ ಇಲ್ಲ.’ ಒಂದು ಸಲವೂ ನಿನ್ನ ಜೊತೆ ಸೇರಿಕೊಂಡಿಲ್ಲ. ಕೋಪ ಮಾಡಿಕೊಳ್ಳೋಣ ಅಂದರೆ ಅಳು ಬಂತು.

ಇನ್ನೊಂದು ಸಂಗತಿ. ಇದು ನಿನಗೆ ಬೇಕಾದದ್ದು. ಪ್ರತಿ ನೋಟ್‌ಬುಕ್ಕಿನಲ್ಲೂ ಇಂಥ ಪುಟಗಳಿವೆ: ‘ಸಾಕ್ಷಿ ಹಾಜರು. ಪ್ರ: ಆಮೇಲೆ? ಉ: ಇವತ್ತು ಏನೂ ಇಲ್ಲ ಕಣೋ, ತಲೆ ಕಲ್ಲಾಗಿದೆ. ಪ್ರ: ಆಮೇಲೆ? ಉ: ಇಲ್ಲ ಅಂದ್ನಲ್ಲ. (ಮೌನ.) ಆರೂವರೆ. ಹೇಳಿಕೆ ಇಲ್ಲ.’ ಒಂದು ವರ್ಷದ್ದನ್ನು ಪೂರ್ತಿ ಎಣಿಸಿದೆವು. ನೂರ ಮೂವತ್ತೊಂದು ದಿನ ಹೇಳಿಕೆ ಇಲ್ಲ. ಆ ವರ್ಷವೇ ನಿನ್ನ ಎರಡು ಪುಸ್ತಕ ಬಂದಿವೆ. ಐದು ಗಂಟೆಗೆ ಏಳುತ್ತೇನೆ, ದಿನಾ ಬರೆಯುತ್ತೇನೆ ಎಂದು ನೀನು ಪತ್ರಿಕೆಯವರಿಗೆ ಸುಳ್ಳು ಹೇಳಿದೆ ಅಂದುಕೊಂಡಿದ್ದೀಯ. ದಿನಾ ಕೂತದ್ದಂತೂ ಸುಳ್ಳಲ್ಲ. ಹೊತ್ತು ಬೇರೆ ಅಷ್ಟೇ. ಈಗ ಹದಿನೇಳು ತಿಂಗಳಿಂದ ನಿನಗೆ ಹೊಸದಾಗಿ ಏನೋ ಆಗಿದೆ ಎನ್ನುವುದೂ ಸುಳ್ಳು. ಮೊದಲಿನಿಂದಲೂ ಮೂರಕ್ಕೊಂದು ದಿನ ನಿನಗೆ ಹೀಗೇ ಆಗುತ್ತಿತ್ತು. ಆಗ ಅದನ್ನು ಯಾರೋ ಬರೆದುಕೊಂಡು, ಎದ್ದು, ನಾಳೆ ಮತ್ತೆ ಬರುತ್ತಿದ್ದರು.

ನಾನು ಯಾಕೆ ಅನುಮಾನಪಟ್ಟೆ ಎಂದು ಈಗ ಹೇಳಿಬಿಡುತ್ತೇನೆ. ದಿನವಿಡೀ ಕೋರ್ಟಿನಲ್ಲಿ ಬೇರೆಯವರ ಮಾತು ಬರೆದು ಬಂದವರಿಗೆ ಮನೆಯಲ್ಲಿ ಮಾತೇ ಇರುತ್ತಿರಲಿಲ್ಲ. ಹೂಂ, ಉಹೂಂ, ಆಗಲಿ. ಅವರು ಹೋದ ಮೇಲೆ ಅವರ ಮಾತು ಅಂತ ಹಿಡಿದುಕೊಳ್ಳಲು ನನಗೆ ಏನೂ ಉಳಿಯಲಿಲ್ಲ. ಆ ಪುಸ್ತಕಗಳಾದರೂ ಅವರ ಮಾತಾಗಿರಲಿ ಅಂತ ಆಸೆಪಟ್ಟೆ. ಆಸೆಪಟ್ಟದ್ದನ್ನೇ ನಂಬಿದೆ. ತಪ್ಪು ನನ್ನದು. ಪ್ರಕಾಶಕರಿಗೆ ನಿನ್ನೆ ಬರೆದು ಹಾಕಿದ್ದೇನೆ, ಹೆಸರು ನಿನ್ನದೇ, ಪುಸ್ತಕ ಬರಲಿ ಬಿಡಲಿ ನಿನ್ನದೇ.

ಕಡೆಯ ನೋಟ್‌ಬುಕ್ಕಿನ ಕಡೆಯ ಪುಟವನ್ನು ಸ್ಟೆನೋ ಅವರು ಎರಡು ಸಲ ಓದಿದರು. ಅವತ್ತು ರಾತ್ರಿಯೇ ಅದನ್ನು ಟೈಪ್ ಮಾಡಿದ ನಿಮ್ಮಣ್ಣ ಮರುದಿನ ಬೆಳಿಗ್ಗೆ ಅಂಚೆಗೆ ಹಾಕಿ, ಕೋರ್ಟಿನ ಮೆಟ್ಟಿಲ ಮೇಲೆ ಕುಸಿದರು.

‘ಉ: ಬಾಗಿಲು ಒಂದು ಗೇಣು ತೆರೆಯಿತು.
ಪ್ರ: ಆಮೇಲೆ?
ಉ: ನಾಳೆ ಹೇಳ್ತೀನಿ. ಹೊಟ್ಟೆ ಹಸೀತಿದೆ.
ಆರೂವರೆ. ಸಾಕ್ಷಿಯನ್ನು ನಾಳೆಗೆ ಮುಂದೂಡಲಾಗಿದೆ.’

ಇದರ ಜೊತೆ ಇಪ್ಪತ್ತಾರು ಕಾರ್ಡು ಇಟ್ಟಿದ್ದೇನೆ. ಜೂನ್ ಎಂಟರಿಂದ ದಿನಕ್ಕೊಂದು, ಆರು ಗಂಟೆಗೆ ತೆಗೆದು ನೋಡು. ಎಲ್ಲದರಲ್ಲೂ ಒಂದೇ ಮಾತಿದೆ. ಇಪ್ಪತ್ತಾರನ್ನೂ ಇವತ್ತೇ ಕೂತು ಬರೆದು ಮುಂದಿನ ತಾರೀಖು ಹಾಕಿದ್ದೇನೆ. ಈ ವಿದ್ಯೆ ಯಾರಿಂದ ಕಲಿತೆ ಅಂತ ನಿನಗೆ ಗೊತ್ತು.

ಅತ್ತಿಗೆ


ಜೂನ್ ೨೬

ಅತ್ತಿಗೆ,

ನಲವತ್ತಮೂರು ಅಂತ ಎಣಿಸಿದ್ದೀರಿ, ಇನ್ನೂ ನೂರ ಐವತ್ತಾರು ನೋಟ್‌ಬುಕ್ ಓದಿಲ್ಲ ಅನ್ನುವುದನ್ನು ಗಮನಿಸಿದ್ದೇನೆ. ನೀವು ಕ್ಷಮಿಸಿದ್ದೀರಾ, ಇಲ್ಲಾ ಎಣಿಸಿ ಇಟ್ಟುಕೊಂಡಿದ್ದೀರಾ ಅಂತ ಪತ್ರವನ್ನು ಬೆಳಕಿಗೆ ಹಿಡಿದು ನೋಡಿದೆ. ಚಪ್ಪಲಿಯ ವಿಷಯ ಮಾತ್ರ ನಿಜ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ದಿನಾ ಆರು ಗಂಟೆಗೆ ನಿಮ್ಮ ಕಾರ್ಡನ್ನು ಗೋಡೆಗೆ ಒರಗಿಸಿ ಇಡುತ್ತೇನೆ. ಓಡಾಡುತ್ತೇನೆ. ಗಟ್ಟಿಯಾಗಿ ಹೇಳುತ್ತೇನೆ. ನಿಂತು ಬರೆದುಕೊಳ್ಳುತ್ತೇನೆ. ಪಕ್ಕದ ಮನೆಯವರು ಎರಡು ಸಲ ಬಂದು ಹುಷಾರಾಗಿದ್ದೀನಾ ಅಂತ ವಿಚಾರಿಸಿಕೊಂಡು ಹೋದರು. ಲೆಕ್ಕ ಒಪ್ಪಿಸುತ್ತೇನೆ.

ಜೂನ್ ೮. ಸಾಕ್ಷಿ ಹಾಜರು. ಹೇಳಿಕೆ ಇಲ್ಲ. ಅತ್ತರು.

ಜೂನ್ ೯. ಹಾಜರು. ಹೇಳಿಕೆ ಇಲ್ಲ.

ಜೂನ್ ೧೧. ಹಾಜರು. ಮೊಣಕಾಲಿನ ಬಗ್ಗೆ ಎರಡು ಸಾಲು. ಹೊಡೆದುಹಾಕಲಾಗಿದೆ.

ಜೂನ್ ೧೪. ಹಾಜರು. ಹೇಳಿಕೆ ಇಲ್ಲ, ಆದರೆ ಅರ್ಧ ಗಂಟೆ ಬೇಗ ಹೋಯಿತು.

ಜೂನ್ ೧೭. ‘ಪ್ರ: ಆಮೇಲೆ? ಉ: ಬಾಗಿಲ ಹಿಂದೆ ಒಬ್ಬ ಹೆಂಗಸು ನಿಂತಿದ್ಲು.’ ಇದು ನನ್ನ ಬಾಯಿಂದ ಬಂದಾಗ ನಾನೇ ಬೆಚ್ಚಿಬಿದ್ದೆ. ಅವತ್ತು ಏಳೂವರೆಯ ತನಕ ನಿಲ್ಲಿಸಲಿಲ್ಲ.

ಜೂನ್ ಇಪ್ಪತ್ತೆರಡಕ್ಕೆ ಅಧ್ಯಾಯ ಮುಗಿಯಿತು. ಪ್ರಕಾಶಕರಿಗೆ ಕಳಿಸಿದ್ದೇನೆ. ನಿಮಗೆ ಕಡೆಯ ಭಾಗ ಮಾತ್ರ ಇಲ್ಲಿ ಬರೆಯುತ್ತೇನೆ, ಕೈಬರಹದಲ್ಲೇ:

‘ಹೆಂಗಸು ಕೊಡೆ ಇಸಿದುಕೊಂಡಳು. ಥ್ಯಾಂಕ್ಸ್ ಹೇಳಲಿಲ್ಲ, ಒಳಗೆ ಬನ್ನಿ ಅನ್ನಲಿಲ್ಲ. ಮೊದಲು ಕೊಡೆಯ ಒಳಮಗ್ಗುಲು ನೋಡಿದಳು. ಅಜ್ಜಿ ಹಾಕಿದ ಒಂದೊಂದು ಹೊಲಿಗೆಯ ಮೇಲೂ ಬೆರಳಾಡಿಸಿದಳು. “ಹೊಲಿಗೆ ಸರಿಯಿದೆ” ಅಂದಳು.

“ಎಲ್ಲಾ ಸರಿಯಿದೆಯಮ್ಮ, ಆದ್ರೆ ಒಣಗ್ತಾ ಇಲ್ಲ” ಅಂದಳು ಅಜ್ಜಿ.

“ನಮ್ಮನೆಯವರದು” ಅಂದಳು ಹೆಂಗಸು. “ಅವರು ಕಡೇ ಸಲ ಮನೆಗೆ ಬಂದಾಗ ಮಳೆ ಇತ್ತು. ಮಡಚಿ ಮೂಲೇಲಿ ಇಟ್ರು. ಆಮೇಲೆ ಅದನ್ನ ಯಾರೂ ಬಿಚ್ಚಲಿಲ್ಲ. ನೋಡೋಕಾಗದೆ ನಿಮ್ಮ ಅಂಗಡೀಲಿ ಬಿಟ್ಟು ಬಂದೆ.”

ಅಜ್ಜಿ ತಲೆ ಚಚ್ಚಿಕೊಂಡಳು. ಕಡ್ಡಿ ಬದಲಾಯಿಸಿದ್ದಳು, ತಂತಿ ಬಿಗಿದಿದ್ದಳು, ಅಂಚು ಹೊಲಿದಿದ್ದಳು. ಪೂರ್ತಿ ಬಿಚ್ಚಿ ಗಾಳಿಗೆ ಇಟ್ಟಿರಲಿಲ್ಲ. ಇಬ್ಬರೂ ಸೇರಿ ಕೊಡೆಯನ್ನು ಕೋಣೆಯ ನಡುವೆ ಬಿಚ್ಚಿಟ್ಟರು. ಎದುರೆದುರು ಕೂತರು. ಒಣಗಲು ಹೊತ್ತು ಬೇಕಿತ್ತು. ನಾಲ್ಕು ಮಹಡಿ ಹತ್ತಿ ಬಂದದ್ದು, ಬೀದಿ ಬೀದಿ ಅಲೆದದ್ದು, ಅಜ್ಜಿ ಮೊದಲಿನಿಂದ ಹೇಳತೊಡಗಿದಳು. ಸ್ವಲ್ಪ ಹೇಳಿ ನಿಲ್ಲಿಸಿದಳು, ಇವಳಿಗೆ ಬೇಜಾರಾಗುತ್ತಿದೆಯೇನೋ ಅಂತ.

“ಆಮೇಲೆ?” ಅಂದಳು ಹೆಂಗಸು.’

ಪುಸ್ತಕ ಇಲ್ಲಿಗೆ ಮುಗಿಯುತ್ತದೆ. ಒಳಪುಟದಲ್ಲಿ ಒಂದು ಸಾಲು ಸೇರಿಸಲು ಹೇಳಿದ್ದೇನೆ: ‘ಬರೆದುಕೊಂಡವರು: ಅಣ್ಣ. ಕಡೆಯ ಅಧ್ಯಾಯಕ್ಕೆ: ಅತ್ತಿಗೆ.’ ನಿಮ್ಮನ್ನು ಕೇಳದೆ ಹಾಕಿಸಿದೆ. ಬೇಡ ಅನ್ನಿಸಿದರೆ ಕೆಂಪು ಬಾಣ ಅಂಟಿಸಿ ಕಳಿಸಿ.

ಕಾರ್ಡುಗಳು ಇನ್ನೂ ಏಳು ಉಳಿದಿವೆ. ಕಥೆ ಮುಗಿಯಿತಲ್ಲ, ಇವನ್ನೇನು ಮಾಡಲಿ ಅಂತ ಇಪ್ಪತ್ತಮೂರರಂದು ಸುಮ್ಮನಿದ್ದೆ. ಆರು ಗಂಟೆಯಾದರೆ ಕಾಲು ತಾನೇ ಆ ಗೋಡೆಯ ಕಡೆ ಹೋಗುತ್ತದೆ. ಇಪ್ಪತ್ತನಾಲ್ಕು, ಹೇಳಿಕೆ ಇಲ್ಲ. ಇಪ್ಪತ್ತೈದು, ಹೇಳಿಕೆ ಇಲ್ಲ. ಇವತ್ತಿನದು ಕೆಳಗಿದೆ, ನೀವೇ ನೋಡಿ. ಜುಲೈ ಮೂರಕ್ಕೆ ಕಾರ್ಡು ಮುಗಿಯುತ್ತವೆ, ಇನ್ನಷ್ಟು ಬರೆದಿಡಿ. ಸುಳ್ಳು ತಾರೀಖೇ ಆದರೂ ಪರವಾಗಿಲ್ಲ.

ಜೂನ್ ೨೬. ಸಾಕ್ಷಿ: ಪಿಟೀಲು. ಹಾಜರು. ಸಮಯ ಆರು.
ಪ್ರ: ಆಮೇಲೆ?
ಉ: ಒಂದೂರಲ್ಲಿ ಒಬ್ಬ ಹೆಂಗಸು ಇದ್ಲು. ಜಗತ್ತಿನ ಎಲ್ಲಾ ಬಟ್ಟೇನೂ ತಿರುಗಿಸಿ ನೋಡ್ತಿದ್ಲು.
ಪ್ರ: ಆಮೇಲೆ?
ಉ: ನಾಳೆ ಹೇಳ್ತೀನಿ ಅತ್ತಿಗೆ. ಹೊಟ್ಟೆ ಹಸೀತಿದೆ.